ಹಿಂಡಲಗಾದ ಒಂಟಿ ಕೋಣೆ

ಮಾನ್ಯ ಸಂಪಾದಕರೇ,

ದಿನಾ ಬೆಳಿಗ್ಗೆ ವಾಕಿಂಗ್ ಹೋಗುವಾಗ ಹಿಂಡಲಗಾ ಜೈಲಿನ ಎತ್ತರದ ಗೋಡೆ ಕಣ್ಣಿಗೆ ಬೀಳುತ್ತದೆ. ಅದರೊಳಗೆ ಗಲ್ಲು ಶಿಕ್ಷೆಯಾಗಿದ್ದ ಉಮೇಶ್ ರೆಡ್ಡಿಯನ್ನು 2006ರಿಂದ 2016ರವರೆಗೆ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಹತ್ತು ವರ್ಷ!

ಅವನ ಮೇಲೆ ನನಗೆ ಎಳ್ಳಷ್ಟೂ ಕನಿಕರ ಇಲ್ಲ. 1998ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಮನೆಗೆ ನುಗ್ಗಿ ಒಬ್ಬ ತಾಯಿಯ ಮೇಲೆ ಅತ್ಯಾಚಾರ ಮಾಡಿ ಕೊಂದವನು. ಆಟ ಮುಗಿಸಿ ಬಂದ ಅವರ 7 ವರ್ಷದ ಮಗನಿಗೆ, ಅಮ್ಮನಿಗೆ ದೆವ್ವ ಹಿಡಿದಿದೆ, ಡಾಕ್ಟರನ್ನು ಕರೆತರುತ್ತೇನೆ ಎಂದು ಹೇಳಿ ಹೊರಟುಹೋದ. ಆ ಹುಡುಗನನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚಿದಂತಾಗುತ್ತದೆ.

ಆದರೆ ಕಾನೂನು ಏನು ಹೇಳುತ್ತದೆ? ಒಂಟಿ ಸೆರೆಯ ಶಿಕ್ಷೆ ಕೊಡುವುದು ಕೋರ್ಟ್ ಮಾತ್ರ. ಅದೂ ಒಟ್ಟು 3 ತಿಂಗಳು ಮೀರುವಂತಿಲ್ಲ. ಗಲ್ಲು ಶಿಕ್ಷೆಯಾದ ಕೈದಿಯನ್ನು ಕ್ಷಮಾದಾನದ ದಾರಿಯೆಲ್ಲ ಮುಗಿಯುವ ಮೊದಲೇ ಹೀಗೆ ಇಡಬಾರದೆಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿತ್ತು. ಉಮೇಶ್ ರೆಡ್ಡಿಯ ವಿಷಯದಲ್ಲಿ ಜೈಲಿನವರು ಅದನ್ನು ಪಾಲಿಸಲಿಲ್ಲ. ಕಡೆಗೆ 2022ರ ನವೆಂಬರ್‌ನಲ್ಲಿ ಇದೇ ಕಾರಣಕ್ಕೆ ಅವನ ಗಲ್ಲು ರದ್ದಾಗಿ, ಕನಿಷ್ಠ 30 ವರ್ಷದ ಜೀವಾವಧಿ ಆಯಿತು. ಸುಮ್ನೆ ಕೋರ್ಟಿಗೆ ಬೈದು ಏನು ಪ್ರಯೋಜನ? ತಪ್ಪು ನಡೆದದ್ದು ನಮ್ಮೂರಿನ ಗೋಡೆಯೊಳಗೆ ಅಲ್ವಾ?

ವರ್ಷಗಟ್ಟಲೆ ಮನುಷ್ಯರ ಮಾತೇ ಕೇಳದೆ ಇದ್ದವನ ತಲೆ ಕೆಡುತ್ತದೆ. ಅಂಥವನನ್ನು ಕಾಯುವ ವಾರ್ಡರ್‌ಗಳಿಗೂ ಅಪಾಯ ಜಾಸ್ತಿ.

ನಮ್ಮ ಜಿಲ್ಲೆಯ ನ್ಯಾಯಾಧೀಶರು ಜೈಲಿಗೆ ಭೇಟಿ ಕೊಟ್ಟಾಗ ಅಡುಗೆಮನೆ ನೋಡಿ ಬಂದರೆ ಸಾಲದು. ಒಂಟಿ ಕೋಣೆಗಳ ಬಾಗಿಲು ತೆಗೆಸಿ, ಒಳಗಿರುವವನು ಅಲ್ಲಿ ಎಷ್ಟು ದಿನದಿಂದ ಇದ್ದಾನೆ ಎಂದು ಅವನನ್ನೇ ಕೇಳಲಿ.

— ಒಬ್ಬ ನಿವೃತ್ತ ಶಿಕ್ಷಕ, ಹಿಂಡಲಗಾ, ಬೆಳಗಾವಿ