ಮೊದಲು ಅವನ ಪಿಯಾನೊ ಕೇಳು

ಪ್ರೀತಿಯ ಗೆಳೆಯ,

ಅಮೆರಿಕದ ಕಪ್ಪು ಗಾಯಕ ನ್ಯಾಟ್ ಕಿಂಗ್ ಕೋಲ್ ಹಾಡು ಸಿಹಿ ಜಾಸ್ತಿ, ಎರಡು ಕೇಳುವಷ್ಟರಲ್ಲಿ ಸಾಕಾಯ್ತು ಅಂತ ಬರೆದಿದ್ದೀಯಲ್ಲ, ನೀನು ಕೇಳಿರೋದು ‘ಮೋನಾ ಲಿಸಾ’, ‘ಅನ್‌ಫರ್ಗೆಟಬಲ್’ ಇರಬೇಕು. ಅವು 1950-51ರವು. ಅಷ್ಟು ಹೊತ್ತಿಗೆ ಹಿಂದೆ ಪಿಟೀಲುಗಳ ದಂಡು ಸೇರಿಕೊಂಡಿತ್ತು. ಮೊದಮೊದಲು ಜನ ಅವನನ್ನು ಮೆಚ್ಚಿದ್ದು ಪಿಯಾನೊಗಾಗಿ, ಮಾರಾಯ!

ಹುಟ್ಟಿದ್ದು 1919ರಲ್ಲಿ, ಅಲಬಾಮಾದ ಮಾಂಟ್‌ಗೊಮರಿಯಲ್ಲಿ. ಬೆಳೆದದ್ದು ಶಿಕಾಗೋದಲ್ಲಿ. ಅಪ್ಪ ಪಾದ್ರಿ, ಅಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. 1937ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೂವರ ತಂಡ ಕಟ್ಟಿದ. ಪಿಯಾನೊ, ಗಿಟಾರ್, ದಪ್ಪ ದನಿಯ ತಂತಿವಾದ್ಯ ಬೇಸ್ ಅಷ್ಟೇ. ಡ್ರಮ್ಸ್ ಇಲ್ಲ! ದೊಡ್ಡ ದೊಡ್ಡ ಬ್ಯಾಂಡ್‌ಗಳು ಮೆರೆಯುತ್ತಿದ್ದ ಕಾಲ ಅದು. ತಾಳ ಹಿಡಿಯೋಕೆ ಬೇರೆ ಆಳಿಲ್ಲ ಅಂದಮೇಲೆ ಮೂವರೂ ಒಬ್ಬರಿಗೊಬ್ಬರು ಕಿವಿಗೊಡಲೇಬೇಕು. ಆ ಅಭ್ಯಾಸವೇ ಅವನ ಹಾಡಿಕೆಗೂ ಬಂತು ಅನ್ನೋದು ನನ್ನ ಲೆಕ್ಕ. ಎಲ್ಲೂ ಕೂಗೋದಿಲ್ಲ. ಇಂಗ್ಲಿಷ್ ಹಾಡಿನಲ್ಲಿ ಅರ್ಧ ಮಾತು ನುಂಗಿಬಿಡ್ತಾರೆ ಅಂತ ಗೊಣಗುವ ನಮ್ಮಂಥವರಿಗೂ ಇವನ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳುತ್ತೆ.

1943ರಲ್ಲಿ ಕ್ಯಾಪಿಟಲ್ ರೆಕಾರ್ಡ್ ಕಂಪನಿಗೆ ಹಾಡಿದ ‘ಸ್ಟ್ರೇಟನ್ ಅಪ್ ಆ್ಯಂಡ್ ಫ್ಲೈ ರೈಟ್’ ಅವನ ಮೊದಲ ದೊಡ್ಡ ಹಿಟ್. ಅಪ್ಪ ಚರ್ಚಿನಲ್ಲಿ ಹೇಳುತ್ತಿದ್ದ ಕಥೆಯೇ ಅದು. ರಣಹದ್ದು ಕೋತಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರುತ್ತೆ, ಮೇಲಿಂದ ಬೀಳಿಸಿ ತಿನ್ನೋ ಹುನ್ನಾರ. ಕೋತಿ ಬಾಲದಿಂದ ಅದರ ಕುತ್ತಿಗೆಗೇ ಉರುಲು ಹಾಕುತ್ತೆ.

ಹಣ ಬಂತು. 1948ರಲ್ಲಿ ಲಾಸ್ ಏಂಜಲೀಸ್‌ನ ಹ್ಯಾನ್‌ಕಾಕ್ ಪಾರ್ಕ್‌ನಲ್ಲಿ ಮನೆ ಕೊಂಡ. ಬೇಡದ ಜನ ಇಲ್ಲಿಗೆ ಬರೋದು ನಮಗಿಷ್ಟವಿಲ್ಲ ಅಂದರು ಬಿಳಿಯ ನೆರೆಯವರು. ನನಗೂ ಇಷ್ಟವಿಲ್ಲ, ಅಂಥವರು ಕಂಡರೆ ಮೊದಲು ದೂರು ಕೊಡೋನು ನಾನೇ ಅಂದನಂತೆ. ಎಂಥಾ ಉತ್ತರ ಅಲ್ವಾ?

ಆದರೆ 1956ರಲ್ಲಿ ಆದದ್ದರ ಮುಂದೆ ಅದು ಏನೂ ಅಲ್ಲ. ಏಪ್ರಿಲ್ 10ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಬಿಳಿಯರಿಗೆಂದೇ ಇಟ್ಟಿದ್ದ ಕಛೇರಿಯಲ್ಲಿ, ಕೆಲವು ಬಿಳಿಯರು ವೇದಿಕೆಗೆ ನುಗ್ಗಿ ಅವನನ್ನು ಕೆಡವಿದರು. ಬೆನ್ನಿಗೆ ಪೆಟ್ಟಾಯಿತು. ಕಛೇರಿ ಅರ್ಧಕ್ಕೆ ನಿಂತಿತು. ಇನ್ನೊಂದು ಕಡೆ, ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆಬೇರೆ ಕೂರಿಸುವ ಇಂಥ ಕಛೇರಿಗಳಲ್ಲಿ ಹಾಡ್ತೀಯಲ್ಲ ಅಂತ ಕಪ್ಪು ಜನರ ಪತ್ರಿಕೆಗಳೂ ಬೈದವು. ಆ ಬೈಗುಳದಲ್ಲಿ ನ್ಯಾಯವಿತ್ತು ಅಂತಲೇ ನನಗನ್ನಿಸೋದು.

ಅದೇ ನವೆಂಬರ್‌ನಲ್ಲಿ ಎನ್‌ಬಿಸಿ ಟೀವಿಯಲ್ಲಿ ಅವನದೇ ಕಾರ್ಯಕ್ರಮ ಶುರುವಾಯಿತು. ಜನ ನೋಡಿದರು. ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್, ಗಾಯಕ ಹ್ಯಾರಿ ಬೆಲಫಾಂಟೆ ಥರದ ಹೆಸರಾಂತರು ತೀರಾ ಕಡಿಮೆ ದುಡ್ಡಿಗೆ ಬಂದು ಹಾಡಿದರು. ಆದರೂ ದೇಶಮಟ್ಟದ ಜಾಹೀರಾತು ಕೊಟ್ಟು ಕೊನೆತನಕ ಜೊತೆಗೆ ನಿಲ್ಲೋಕೆ ಒಂದು ಕಂಪನಿಯೂ ಮುಂದೆ ಬರಲಿಲ್ಲ. 1957ರ ಡಿಸೆಂಬರಿಗೆ ಅವನೇ ನಿಲ್ಲಿಸಿದ. ಜಾಹೀರಾತಿನವರಿಗೆ ಕತ್ತಲೆ ಅಂದ್ರೆ ಭಯ ಅಂದ. ಕತ್ತಲೆ ಅಂದದ್ದು ತನ್ನ ಕಪ್ಪು ಬಣ್ಣಕ್ಕೆ.

ಸಿಗರೇಟು ಮಾತ್ರ ಬಿಡಲಿಲ್ಲ. ದನಿಗೆ ಆ ಗಡಸು ಬರೋದೇ ಅದರಿಂದ ಅಂತ ನಂಬಿದ್ದ. 1965ರ ಫೆಬ್ರವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದ. ಇನ್ನೂ 45 ವಯಸ್ಸು.

ಈಗ ಒಂದು ಕೆಲಸ ಮಾಡು. ‘ಆಫ್ಟರ್ ಮಿಡ್‌ನೈಟ್’ ಆಲ್ಬಮ್ ಹುಡುಕು. ಅದೂ 1956ರಲ್ಲೇ ರೆಕಾರ್ಡ್ ಆದದ್ದು. ಪಿಯಾನೊ ಮುಂದೆ ಮತ್ತೆ ಕೂತಿದ್ದಾನೆ, ಹಾಡುತ್ತಲೂ ಇದ್ದಾನೆ. ಕೆಲವು ಹಾಡುಗಳಲ್ಲಿ ಸ್ಟಫ್ ಸ್ಮಿತ್ ಪಿಟೀಲು ಇದೆ. ಒಂದೇ ಒಂದು ಪಿಟೀಲು, ಬಲು ತುಂಟ. ಮೊದಲು ಅವನ್ನೇ ಹಾಕು.

ನಿನ್ನ ಗೆಳೆಯ