ನನ್ನ ಹೆಸರೂ ಗೊತ್ತಿಲ್ಲದೆ ನನಗೆ ಕೆಲಸ ಕೊಟ್ಟವರಿಗೆ

ಮಾರ್ಚ್ 31ಕ್ಕೆ ನಾನು ನಿವೃತ್ತಳಾದೆ. ಹತ್ತಿರ ಹತ್ತಿರ 29 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದೆ. ಬೀಳ್ಕೊಡುಗೆ ದಿನ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮಕ್ಕಳು ಅತ್ತರು. ನಾನೂ ಅತ್ತೆ. ಮೈಕ್ ಕೈಗೆ ಬಂದಾಗ ಹೇಳಬೇಕು ಅಂದುಕೊಂಡದ್ದರಲ್ಲಿ ಅರ್ಧವೂ ಬಾಯಿಗೆ ಬರಲಿಲ್ಲ. ಹೆಡ್ ಮಾಸ್ಟರಿಗೆ, ಊರವರಿಗೆ, ಬಿಸಿಯೂಟದ ಅಕ್ಕಂದಿರಿಗೆ ಧನ್ಯವಾದ ಹೇಳಿ ಕೂತುಬಿಟ್ಟೆ. ರಾತ್ರಿ ಮಲಗಿದಾಗ ನೆನಪಾಯಿತು, ಮೊದಲು ಹೇಳಬೇಕಾಗಿದ್ದ ಹೆಸರನ್ನೇ ಹೇಳಲಿಲ್ಲ ಅಂತ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಹೆಸರು ಎಚ್.ಜಿ. ಗೋವಿಂದೇಗೌಡರದು. ಕೊಪ್ಪದವರು. ಶೃಂಗೇರಿ ಕ್ಷೇತ್ರದ ಶಾಸಕರಾಗಿದ್ದವರು. 1994ರ ಡಿಸೆಂಬರ್‌ನಲ್ಲಿ ದೇವೇಗೌಡರ ಸರ್ಕಾರ ಬಂದಾಗ ಶಿಕ್ಷಣ ಮಂತ್ರಿಯಾದರು. 1996ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದ ಮೇಲೂ ಅದೇ ಖಾತೆ ನೋಡಿಕೊಂಡರು. ಅವರ ಕಾಲದಲ್ಲಿ ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಕ್ಷಕರ ನೇಮಕ ಆಯಿತು. ನೋಡಿದ್ದು ಅಂಕ ಮತ್ತು ಮೀಸಲಾತಿ, ಅಷ್ಟೇ. ಆ ಲಕ್ಷದಲ್ಲಿ ನಾನೊಬ್ಬಳು.

ಚಿಕ್ಕಮಗಳೂರಿನ ರಾಜಕೀಯ ಅಂದ ಕೂಡಲೇ ಹೊರಗಿನವರು 1978ರ ಇಂದಿರಾ ಗಾಂಧಿ ಚುನಾವಣೆ ಬಗ್ಗೆ ಕೇಳುತ್ತಾರೆ. ಅದು ದೊಡ್ಡ ಸಂಗತಿಯೇ, ಇಲ್ಲ ಅನ್ನಲ್ಲ. ನನಗೆ ಮಾತ್ರ ನೆನಪಾಗುವುದು ಜಿಲ್ಲೆಯ ಶಿಕ್ಷಣ ಇಲಾಖೆಯ ಡಿಡಿಪಿಐ ಕಚೇರಿಯ ಗೋಡೆಗೆ ಅಂಟಿಸಿದ್ದ ಒಂದು ಪಟ್ಟಿ.

ನಮ್ಮದು ಕಡೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಬಯಲುಸೀಮೆ. ಮಳೆ ಬಂದರೆ ರಾಗಿ, ಬರದಿದ್ದರೆ ಕೂಲಿ. ಅಪ್ಪನಿಗೆ ಎರಡು ಎಕರೆ ಹೊಲ ಇತ್ತು. ಓದು ಬರಹ ಇರಲಿಲ್ಲ. ನಾನು ಹಾಸನದಲ್ಲಿ ಟಿ.ಸಿ.ಎಚ್., ಅಂದರೆ ಪ್ರಾಥಮಿಕ ಶಾಲೆ ಶಿಕ್ಷಕರ ತರಬೇತಿ, ಮುಗಿಸಿ 1990ರಲ್ಲಿ ಮನೆಗೆ ಬಂದೆ. ಆಮೇಲೆ ಆರು ವರ್ಷ ಕಾದೆ. ಬಟ್ಟೆ ಹೊಲಿದೆ, ಶಿಶುವಿಹಾರದಲ್ಲಿ ಪಾಠ ಮಾಡಿದೆ, ಮದುವೆಯಾಯಿತು, ಮಗಳು ಹುಟ್ಟಿದಳು. ಸರ್ಟಿಫಿಕೇಟು ಕಬ್ಬಿಣದ ಟ್ರಂಕಿನಲ್ಲೇ ಇತ್ತು.

ಆಗ ಮೇಷ್ಟರ ಕೆಲಸಕ್ಕೆ ಒಂದು ರೇಟು ಇದೆ ಅನ್ನೋದು ಎಲ್ಲರ ಬಾಯಲ್ಲೂ ಇತ್ತು. ನಿಜ ಎಷ್ಟು, ಸುಳ್ಳು ಎಷ್ಟು, ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು? ಅರ್ಜಿ ಕರೆದ ವಾರದಲ್ಲೇ ನಮ್ಮ ಕಡೆಯ ಒಬ್ಬರು ಮನೆಗೆ ಬಂದರು. ಹೆಸರು ಬೇಡ. ಮೇಲಿನವರ ಪರಿಚಯ ಇದೆ, ದುಡ್ಡು ಹೊಂದಿಸಿಕೊಳ್ಳಿ ಅಂದರು. ಅಪ್ಪ ಅಂದು ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು, ಒಂದು ಎಕರೆ ಕೊಟ್ಟುಬಿಡುತ್ತೇನೆ ಅಂತ ಪಕ್ಕದ ಹೊಲದವರ ಹತ್ತಿರ ಮಾತಾಡಿ ಬಂದರು. ಅವ್ವ ಏನೂ ಅನ್ನಲಿಲ್ಲ. ಸುಮ್ನೆ ಒಲೆ ಮುಂದೆ ಕೂತಿದ್ದಳು.

ಆ ಹೊಲ ಮಾರಾಟ ಆಗಲಿಲ್ಲ. ಕೊಳ್ಳುವವರಿಗೆ ದುಡ್ಡು ಹೊಂದಲು ತಡವಾಯಿತು. ಅಷ್ಟರಲ್ಲಿ ಆಯ್ಕೆ ಪಟ್ಟಿ ಬಂತು.

ಅಪ್ಪ, ನಾನು ಇಬ್ಬರೂ ಸಖರಾಯಪಟ್ಟಣದ ಮೇಲೆ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋದೆವು. ಕಚೇರಿ ಮುಂದೆ ಜಾತ್ರೆಯಷ್ಟು ಜನ. ಗೋಡೆ ಹತ್ತಿರ ಹೋಗಲು ಅರ್ಧ ಗಂಟೆ ಬೇಕಾಯಿತು. ಅಪ್ಪ ನನ್ನ ಹಿಂದೆಯೇ ನಿಂತು 'ಐತೇನವ್ವ? ಐತೇನವ್ವ?' ಅಂತ ಕೇಳುತ್ತಲೇ ಇದ್ದರು. ಇತ್ತು. ನನ್ನ ಹೆಸರು, ಅದರ ಎದುರಿಗೆ ನನ್ನ ಅಂಕ. ನಾನು ಬೆರಳಿಟ್ಟು ತೋರಿಸಿದೆ. ಅಪ್ಪ ಆ ಅಕ್ಷರಗಳ ಮೇಲೆ ಕೈ ಸವರಿದರು.

ಎರಡು ದಿನ ಬಿಟ್ಟು ಅದೇ ವ್ಯಕ್ತಿ ಮತ್ತೆ ಬಂದರು. ನಾನು ಹೇಳಿದ್ದಕ್ಕೇ ಆಗಿದ್ದು, ಮಾತಾಡಿದ್ದನ್ನು ಕೊಡಿ ಅಂದರು. ಅಪ್ಪ ಕೂರಿಸಿ ನೀರು ಕೊಟ್ಟು ಒಂದೇ ಮಾತು ಕೇಳಿದರು: 'ನನ್ನ ಮಗಳಿಗೆ ಬಂದಿರೋ ಮಾರ್ಕ್ಸ್ ಎಷ್ಟು, ಹೇಳಪ್ಪ?' ಅವರಿಗೆ ಗೊತ್ತಿರಲಿಲ್ಲ. ಓದಲು ಬಾರದ ನಮ್ಮಪ್ಪನಿಗೆ ಬಾಯಿಪಾಠ ಆಗಿತ್ತು. ಆ ಮನುಷ್ಯ ಎದ್ದು ಹೋದರು.

ಇದನ್ನೆಲ್ಲ ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಅಂದರೆ, ಒಬ್ಬ ಮಂತ್ರಿ ನೆಟ್ಟಗೆ ಕೆಲಸ ಮಾಡಿದರೆ ಅದು ಎಲ್ಲಿಗೆ ಬಂದು ತಲುಪುತ್ತದೆ ಅನ್ನೋದು ಪೇಪರಿನಲ್ಲಿ ಬರಲ್ಲ. ನಮ್ಮ ಮನೆಯಲ್ಲಿ ಅದು ಒಂದು ಎಕರೆ ಹೊಲ. ನಮ್ಮಪ್ಪ ಆ ಮನುಷ್ಯನ ಮುಖಕ್ಕೆ ಆ ಪ್ರಶ್ನೆ ಕೇಳಿದರಲ್ಲ, ಅದಕ್ಕೆ ಮೊದಲು ಯಾರ ಎದುರಿಗೂ ಅವರು ದನಿ ಎತ್ತಿ ಮಾತಾಡಿದ್ದು ನಾನು ನೋಡಿರಲಿಲ್ಲ.

1997ರ ಜೂನ್‌ನಲ್ಲಿ ಕೆಲಸಕ್ಕೆ ಸೇರಿದೆ. ಹಾಕಿದ್ದು ಎಲ್ಲಿಗೆ ಗೊತ್ತಾ? ಕೊಪ್ಪ ತಾಲ್ಲೂಕಿಗೆ. ಮಂತ್ರಿಗಳ ತಾಲ್ಲೂಕಿಗೇ. ಮೂರು ವರ್ಷದ ಮಗಳು, ಜೊತೆಗೆ ಅವ್ವ, ಒಂದು ಟ್ರಂಕು. ಆಲ್ದೂರು ದಾಟಿದ ಮೇಲೆ ಹಿಡಿದ ಮಳೆ ಬಾಳೆಹೊನ್ನೂರಿನಲ್ಲೂ ಬಿಡಲಿಲ್ಲ. ಸೇತುವೆ ಮೇಲಿಂದ ಭದ್ರೆಯನ್ನು ನೋಡಿ ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟು ನೀರನ್ನು ಅವಳು ಒಟ್ಟಿಗೆ ಕಂಡೇ ಇರಲಿಲ್ಲ. ಕೊಪ್ಪದಿಂದ ಹಳ್ಳಿಗೆ ಸಹಕಾರ ಸಾರಿಗೆ ಬಸ್ಸು. ಮಾಲೀಕರು ಕೈಬಿಟ್ಟ ಕಂಪನಿಯನ್ನು 1991ರಲ್ಲಿ ಕಾರ್ಮಿಕರೇ ಸೇರಿ ನಡೆಸಲು ಶುರು ಮಾಡಿದ್ದು ಅದು. ಒಂಬತ್ತು ವರ್ಷ ನನ್ನನ್ನು ಹೊತ್ತದ್ದು ಆ ಬಸ್ಸುಗಳೇ. ಎಷ್ಟೋ ಸಂಜೆ ನಾನು ಓಡಿ ಬರುವುದನ್ನು ಕಂಡು ಡ್ರೈವರಣ್ಣ ಬಸ್ಸು ನಿಲ್ಲಿಸಿಕೊಂಡು ಕಾದಿದ್ದಾರೆ. 2020ರಲ್ಲಿ ಆ ಬಸ್ಸುಗಳು ನಿಂತುಹೋದವು ಅಂತ ಕೇಳಿದಾಗ ಸ್ವಂತದವರು ಹೋದಷ್ಟೇ ಬೇಜಾರಾಯಿತು. ಆ ಡ್ರೈವರ್, ಕಂಡಕ್ಟರ್ ಎಲ್ಲರಿಗೂ ನನ್ನ ನಮಸ್ಕಾರ.

ಶಾಲೆ ಅಂದರೆ ಎರಡು ಕೋಣೆ, ಒಬ್ಬರೇ ಮೇಷ್ಟ್ರು. ನಾನು ಎರಡನೆಯವಳು. ಅಲ್ಲಿಯವರೆಗೆ ಅವರೊಬ್ಬರೇ ನಾಲ್ಕು ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಮೀಟಿಂಗಿಗೆ ಹೋದರೆ ಶಾಲೆಗೆ ಬೀಗ. ನಾನು ಹೋದ ದಿನ ಅವರು 'ಅಂತೂ ಬಂದ್ರಲ್ಲ ಟೀಚರ್' ಅಂದಿದ್ದು ಇನ್ನೂ ಕಿವಿಯಲ್ಲಿದೆ. ಒಂದು ಲಕ್ಷ ಅನ್ನುವ ಲೆಕ್ಕದೊಳಗೆ ಇಂಥ ಎಷ್ಟು ಶಾಲೆಗಳಿದ್ದವೋ.

ನಮಗೆ ಇರಲು ಜಾಗ ಕೊಟ್ಟಿದ್ದು ಶಾಲೆ ಹತ್ತಿರದ ಒಂದು ಮನೆ. ಅಡಿಕೆ ತೋಟ, ಸ್ವಲ್ಪ ಕಾಫಿ. ಮನೆಯ ಯಜಮಾನಿ ಒಬ್ಬರು ಅಜ್ಜಿ. ಹಿಂಬದಿಯ ಕೋಣೆ ಬಿಟ್ಟುಕೊಟ್ಟು ಬಾಡಿಗೆ ಬೇಡ ಅಂದರು. ಬಂದು ಒಂದು ತಿಂಗಳಾದ ಮೇಲೆ ನನಗೆ ವಿಷಯ ಗೊತ್ತಾಗಿದ್ದು. ಅವರ ಮೊಮ್ಮಗನೂ ಟಿ.ಸಿ.ಎಚ್. ಮಾಡಿದ್ದ. ಅವನೂ ಅದೇ ಪಟ್ಟಿಗೆ ಅರ್ಜಿ ಹಾಕಿದ್ದ. ಅಂಕ ಸಾಲದೆ ಹೆಸರು ಬರಲಿಲ್ಲ. ಇವರದ್ದು ಮಂತ್ರಿಗಳದೇ ಕ್ಷೇತ್ರ, ಪ್ರತಿ ಚುನಾವಣೆಯಲ್ಲೂ ಅವರಿಗೇ ಓಟು ಹಾಕಿದ ಮನೆ. ಊರವರು ಬೇರೆ, 'ನಿಮ್ಮ ಹುಡುಗನಿಗೆ ಏನು ಚಿಂತೆ, ನಮ್ಮ ಗೌಡ್ರೇ ಇದ್ದಾರಲ್ಲ' ಅಂತ ಹೇಳಿ ಹೇಳಿ ಆಸೆ ಹುಟ್ಟಿಸಿದ್ದರು. ಕೆಲಸ ಸಿಕ್ಕಿದ್ದು ಬಯಲುಸೀಮೆಯಿಂದ ಬಂದ ನನಗೆ.

ಅದು ಗೊತ್ತಾದ ದಿನ ನನಗೆ ಆ ಮನೆಯ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮನೆ ಬದಲಾಯಿಸುತ್ತೇನೆ ಅಂತ ಅಜ್ಜಿಗೆ ಹೇಳಿದೆ. ಅಜ್ಜಿ ಕಡುಬಿಗೆ ಹಿಟ್ಟು ಕಲಸುತ್ತಿದ್ದರು. ತಲೆ ಎತ್ತಲಿಲ್ಲ. 'ನಿಂಗೆ ಮಾರ್ಕ್ಸ್ ಬಂತು, ಕೆಲ್ಸ ಸಿಕ್ತು. ಅದ್ರಲ್ಲಿ ನಿನ್ ತಪ್ಪೇನಿದೆ? ಗೌಡ್ರದ್ದೇನು ತಪ್ಪಿದೆ? ಕೂತ್ಕೋ, ತಿನ್ನು' ಅಂದರು. ಮುಂದಿನ ಚುನಾವಣೆಯಲ್ಲೂ ಅವರು ಗೌಡರ ಬಗ್ಗೆ ಒಂದು ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ಶಾಸಕರನ್ನು ನಾವು ಹೇಗೆ ಅಳೆಯುತ್ತೇವೆ ನೋಡಿ. ನಮ್ಮ ಮದುವೆಗೆ ಬಂದರಾ, ನಮ್ಮ ಹುಡುಗನಿಗೆ ಒಂದು ಪತ್ರ ಕೊಟ್ಟರಾ ಅಂತ. ಹಾಗಿರುವಾಗ ತನ್ನದೇ ಕ್ಷೇತ್ರದ ಓಟುದಾರರಿಗೆ ಇಲ್ಲ ಅನ್ನೋದು ರಾಜಕಾರಣಿಗೆ ಎಷ್ಟು ಕಷ್ಟ ಅಲ್ವಾ? ಗೋವಿಂದೇಗೌಡರು ದೊಡ್ಡವರು ಅಂತ ನಾನು ಹೇಳುವುದು ಅದಕ್ಕೇ. ಅವರಿಗೆ ನನ್ನ ಹೆಸರು ಗೊತ್ತಿರಲಿಲ್ಲ. ನನ್ನ ಊರು, ನಮ್ಮ ಮನೆಯ ಓಟು ಯಾವ ಪಕ್ಷಕ್ಕೆ, ಯಾವುದೂ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಯಾರೂ ಹೋಗಲಿಲ್ಲ. ಹಾಗಾಗಿಯೇ ನಾನು ಟೀಚರ್ ಆದೆ.

ಅವರಷ್ಟೇ ದೊಡ್ಡವನು ಆ ಮೊಮ್ಮಗ. ಮೊದಲ ತಿಂಗಳು ನನ್ನ ಹತ್ತಿರ ಮಾತಾಡುತ್ತಿರಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ಹಳ್ಳ ತುಂಬಿ, ಅದನ್ನು ದಾಟುವ ಕಿರುಸೇತುವೆ, ಕಾಲುಸಂಕ, ಅಲುಗಾಡುತ್ತಿತ್ತು. ಆಚೆ ದಡದಲ್ಲಿ ಆರು ಮಕ್ಕಳು ನಿಂತಿದ್ದರು. ಅವನು ತೋಟದಿಂದ ಕಂಬಳಿಕೊಪ್ಪೆಯಲ್ಲೇ ಓಡಿ ಬಂದು, ಹಗ್ಗ ಕಟ್ಟಿ, ಒಬ್ಬೊಬ್ಬರನ್ನೇ ಬೆನ್ನ ಮೇಲೆ ಹೊತ್ತು ದಾಟಿಸಿದ. ಕೊನೆಯ ಮಗುವನ್ನು ನನ್ನ ಕೈಗೆ ಕೊಡುವಾಗ, 'ತಗೊಳ್ಳಿ ಟೀಚರ್' ಅಂದ. ಆ ಮಳೆಗಾಲ ಪೂರ್ತಿ, ಆಮೇಲಿನ ಮಳೆಗಾಲಗಳಲ್ಲೂ, ಹಳ್ಳ ಏರಿದಾಗೆಲ್ಲ ಅವನು ಅಲ್ಲಿ ಬಂದು ನಿಲ್ಲುತ್ತಿದ್ದ. ನನ್ನ ಮಗಳಿಗೆ ಸೈಕಲ್ ಕಲಿಸಿದವನೂ ಅವನೇ.

2006ರಲ್ಲಿ ಕಡೂರು ಕಡೆಗೆ ವರ್ಗವಾಗಿ ಬಂದೆ. ಆಮೇಲೆ ಚಟುವಟಿಕೆಯಿಂದ ಕಲಿಸುವ ನಲಿಕಲಿ ಬಂತು, ಶಾಲೆಯ ಮಕ್ಕಳಿಗೆ ಹಾಲು ಬಂತು, ಮೊಬೈಲು ಬಂತು, ಎಷ್ಟೋ ಮಂತ್ರಿಗಳು ಬಂದು ಹೋದರು. 2016ರ ಜನವರಿಯಲ್ಲಿ ಗೋವಿಂದೇಗೌಡರು ತೀರಿಕೊಂಡರು. ನಮ್ಮ ಬ್ಯಾಚಿನವರು ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡೆವು. ಎಲ್ಲರದೂ ಒಂದೇ ಮಾತು: ಒಂದು ಸಲ ಹೋಗಿ ಕಾಲಿಗೆ ನಮಸ್ಕಾರ ಮಾಡಬೇಕಿತ್ತು. ನಾನಂತೂ ಅವರ ತಾಲ್ಲೂಕಿನಲ್ಲೇ ಒಂಬತ್ತು ವರ್ಷ ಇದ್ದೆ. ದೊಡ್ಡವರ ಮನೆಗೆ ಸುಮ್ನೆ ಹೇಗೆ ಹೋಗೋದು ಅಂತ ಸಂಕೋಚ. ಇವತ್ತು ನಾಳೆ ಅಂತ ಮುಂದೆ ಹಾಕಿದೆ. ಅದೊಂದು ನೋವು ಉಳಿದುಹೋಗಿದೆ.

ಅಪ್ಪ ಇಲ್ಲ, ಅವ್ವ ಇಲ್ಲ, ಕೊಪ್ಪದ ಅಜ್ಜಿಯೂ ಇಲ್ಲ. ಆ ಒಂದು ಎಕರೆ ಇದೆ. ಕೆಲಸ ಸಿಕ್ಕಿದ ಮೇಲೆ ಅಪ್ಪ ಅದರಲ್ಲಿ ತೆಂಗು ಹಾಕಿದರು. ಈಗ ಚೆನ್ನಾಗಿ ಕಾಯಿ ಬಿಡುತ್ತಿದೆ. ಮೊನ್ನೆ ಎರಡು ಚೀಲ ಕಾಯಿ ಸುಲಿಸಿ ಇಟ್ಟಿದ್ದೇನೆ, ಅಜ್ಜಿ ಮನೆಗೆ ಒಯ್ಯಲು. ಆ ಮೊಮ್ಮಗನಿಗೂ ಈಗ ತಲೆ ನೆರೆತಿದೆ. ನಿನ್ನೆ ಫೋನ್ ಮಾಡಿ ಬರುತ್ತೇನೆ ಅಂದೆ. 'ಮಳೆ ಹಿಡಿಯೋ ಮೊದ್ಲೇ ಬಂದ್ಬಿಡಿ ಟೀಚರ್, ಆಮೇಲೆ ರಸ್ತೆ ಕಷ್ಟ' ಅಂದ. 'ಈಗ ಸಂಕ ಇಲ್ಲ, ಸಿಮೆಂಟಿನ ಸೇತುವೆ ಆಗಿದೆ. ಕಾರು ಮನೆ ಬಾಗಿಲಿಗೇ ಬರುತ್ತೆ.'