ಕೋಟೆ ಎಲ್ಲಿದೆ, ಅಪ್ಪ?

ಕೂಟದ ಈ ಪತ್ರ ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು, ಈಗ ರಾತ್ರಿ ಹನ್ನೊಂದೂವರೆ. ಮೀನಖಂಡ ಇನ್ನೂ ನೋಯುತ್ತಿದೆ. ಹೋದ ಭಾನುವಾರ ನಮ್ಮ ಕನ್ನಡ ಕೂಟದವರೆಲ್ಲ ಟೋಕಿಯೊದ ಪಶ್ಚಿಮಕ್ಕಿರುವ ಹಚಿಯೋಜಿ ಕೋಟೆ ಹತ್ತಿದ್ದೆವಲ್ಲ, ಅದರ ಫಲ.

ಟಕಾವೊ ಸ್ಟೇಷನ್ನಿನಿಂದ ಬಸ್ಸು, ಆಮೇಲೆ ಮುಕ್ಕಾಲು ಗಂಟೆ ಏರು. ತುದಿಯಲ್ಲಿ ನೋಡಿದರೆ ಒಂದು ಪುಟ್ಟ ಗುಡಿ, ಸ್ವಲ್ಪ ಮಟ್ಟಸ ಜಾಗ, ಸುತ್ತ ಮರ. ಮಗಳು ಏದುಸಿರು ಬಿಡುತ್ತಾ ಕೇಳಿದಳು, "ಕೋಟೆ ಎಲ್ಲಿದೆ, ಅಪ್ಪ?"

ಹಿಮೆಜಿ ಕೋಟೆಯ ಬಿಳಿ ಗೋಪುರದ ಚಿತ್ರ ನೋಡಿದವಳಿಗೆ ಇದು ಮೋಸ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಹಚಿಯೋಜಿ ಕೋಟೆಯ ಕಾಲದವರು ಬೆಟ್ಟವನ್ನೇ ಕಡಿದು ಕೋಟೆ ಮಾಡುತ್ತಿದ್ದರು. ಏರುದಾರಿಗೆ ಅಡ್ಡ ಕಂದಕ, ಮೆಟ್ಟಿಲು ಮೆಟ್ಟಿಲಾಗಿ ಅಂಗಳ. ಕಟ್ಟಿಸಿದವನು ಹೋಜೊ ಮನೆತನದ ಉಜಿತೆರು. 1590ರಲ್ಲಿ, ಜಪಾನನ್ನೆಲ್ಲ ಒಂದುಗೂಡಿಸಲು ಹೊರಟಿದ್ದ ಹಿದೆಯೋಶಿ ಕಡೆಯ ಸರದಾರರಾದ ಮಯೆದಾ, ಉಯೆಸುಗಿಯವರ ಸೈನ್ಯ ಬಂದಾಗ ಅವನಿದ್ದದ್ದು ಮನೆತನದ ಮುಖ್ಯ ಕೋಟೆ ಒದವಾರಾದಲ್ಲಿ. ಕೋಟೆ ಒಂದೇ ದಿನದಲ್ಲಿ ಬಿತ್ತು. ಕೆಳಗೆ ಅರಮನೆ ಪಕ್ಕದ ಅಬ್ಬಿಯಲ್ಲಿ ಹೆಂಗಸರು ಪ್ರಾಣ ಬಿಟ್ಟರಂತೆ, ಮೂರು ದಿನ ನೀರು ಕೆಂಪಾಗಿ ಹರಿಯಿತಂತೆ. ನಾವು ಹೋದಾಗ ಒಂದು ಚೊಂಬು ತುಂಬುವುದಕ್ಕೂ ಕಾಯಬೇಕು, ಅಷ್ಟೇ ನೀರು.

ನನಗೆ ಕವಲೆದುರ್ಗ ನೆನಪಾಯಿತು. ಆಗ ಏಳೋ ಎಂಟೋ ವರ್ಷ. ತೀರ್ಥಹಳ್ಳಿಯಿಂದ ಅಜ್ಜ ಕರೆದುಕೊಂಡು ಹೋಗಿದ್ದರು. ಜಿಟಿಜಿಟಿ ಮಳೆ, ಇಬ್ಬರಿಗೂ ಒಂದೇ ಕೊಡೆ, ಕಾಲಿಗೆ ಉಂಬಳ. ಪಾಚಿಗಟ್ಟಿದ ಹಾಸುಗಲ್ಲಿನ ಮೇಲೆ ಎರಡು ಸಲ ಜಾರಿ ಬಿದ್ದು, ಅಳು ಮುಖದಲ್ಲಿ ನಾನೂ ಇದನ್ನೇ ಕೇಳಿದ್ದೆ, "ಅರಮನೆ ಎಲ್ಲಿ ಅಜ್ಜ?" ಅವರು ಕೊಡೆಯ ತುದಿಯಲ್ಲಿ ಹುಲ್ಲು ಸರಿಸಿ ಒಂದು ಕಲ್ಲಿನ ಒಲೆ ತೋರಿಸಿದರು. "ನೋಡು, ಒಲೆ ಇಲ್ಲಿದ್ದರೆ ಅಡುಗೆಮನೆ ಇದೇ. ಬಡಿಸುವವರು ಆ ಕಡೆಯಿಂದ ಬರ್ತಿದ್ರು. ನೀನು ನಿಂತಿದ್ದೀಯಲ್ಲ, ಅಲ್ಲಿ ಪಂಕ್ತಿ." ಹೀಗೆ ಒಲೆಯಿಂದ ಶುರು ಮಾಡಿ ಮಾಡಿನವರೆಗೂ ಕಟ್ಟಿಬಿಟ್ಟರು. ನಾನು ಗಾಬರಿಯಾಗಿ ಪಂಕ್ತಿಯಿಂದ ಪಕ್ಕಕ್ಕೆ ಸರಿದೆ.

ಹಚಿಯೋಜಿಯಲ್ಲಿ ನನಗೆ ಒಲೆ ಸಿಗಲಿಲ್ಲ. ಸುಮ್ನೆ ಚಿತ್ರಾನ್ನದ ಡಬ್ಬಿ ತೆಗೆದೆ.

ಜಾಗ ಮುಗೀತಾ ಬಂತು, ಬೇಗ ಹೇಳ್ತೀನಿ. ರಾಜ್ಯೋತ್ಸವ ಮೂರನೇ ಭಾನುವಾರ, ಹೋದ ವರ್ಷದ ಹಾಲ್‌ನಲ್ಲೇ. ತಟ್ಟೆ ಲೋಟ ಮನೆಯಿಂದ ತನ್ನಿ. ಕೋಲಾಟದ ಪ್ರಾಕ್ಟೀಸ್ ಶನಿವಾರ ನಾಲ್ಕಕ್ಕೆ, ಕೋಲು ನಮ್ಮಲ್ಲಿದೆ. ಕನ್ನಡ ತರಗತಿಯ ಮೇಷ್ಟ್ರು ಊರಿಗೆ ವಾಪಸ್ ಹೊರಟಿದ್ದಾರೆ. ಹನ್ನೊಂದು ಮಕ್ಕಳು, ವಾರಕ್ಕೆ ಒಂದೇ ಗಂಟೆ. ಯಾರಾದರೂ ಬನ್ನಿ, ದಯವಿಟ್ಟು. ಈ ಪತ್ರ ಟೈಪ್ ಮಾಡುವುದಕ್ಕೂ ಒಬ್ಬರು ಬೇಕು, ತಮಾಷೆಗೆ ಹೇಳುತ್ತಿಲ್ಲ.

ಇನ್ನೊಂದು. ಬೆಟ್ಟದ ಮೇಲೆ ಬಿಟ್ಟುಹೋದ ಸ್ಟೀಲ್ ಡಬ್ಬಿ ನಮ್ಮ ಮನೆಯಲ್ಲಿದೆ. ಮುಚ್ಚಳದ ಮೇಲೆ ಹೆಸರು ಕೆತ್ತಿಸಿದೆ, ಯಾರದು ಅಂತ ಗೊತ್ತು. ಖಾಲಿ ವಾಪಸ್ ಕೊಡಬಾರದು ಅಲ್ವಾ, ಅದಕ್ಕೇ ತಡ.